ಏಡಿಯ ಹತ್ತು ಪಾಲು

ಕಡಲಿನಲ್ಲಿ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ, ಅಷ್ಟು ಹಳೆಯ ಮಾತು. ಲೋಕ ಹೊಸದು. ಆಗ ಮರಳೇಡಿ ಅಕ್ಕಿ ಕೇರುವ ಗೆರಸೆಯಷ್ಟು ದೊಡ್ಡದಿತ್ತು, ಮನುಷ್ಯರ ಜೊತೆ ಸೇರಿ ಬಲೆ ಎಳೆಯುತ್ತಿತ್ತು.

ಬಲೆಯ ಕ್ರಮ ಸುಲಭ. ದೋಣಿಯವರು ಕಡಲಲ್ಲಿ ಬಲೆ ಸುತ್ತಿ ಬರುತ್ತಾರೆ, ದಡದವರು ಹಗ್ಗ ಹಿಡಿದು ಎಳೆಯುತ್ತಾರೆ. ಹಗ್ಗಕ್ಕೆ ಯಾರು ಕೈ ಹಾಕಿದರೂ ಅವರಿಗೆ ಮೀನಿನಲ್ಲಿ ಪಾಲು. ದಾರಿಹೋಕನಾದರೂ ಸರಿಯೇ.

ಹಗ್ಗದ ತುದಿಯಲ್ಲಿ ಅಕ್ಕು ಎಂಬ ಮುದುಕಿ ನಿಲ್ಲುತ್ತಿದ್ದಳು. ಅವಳಿಗೆ ಇಬ್ಬರು ಮೊಮ್ಮಕ್ಕಳು, ಬೇರೆ ಯಾರೂ ಇಲ್ಲ. ಅಂದು ಮಳೆಗಾಲಕ್ಕೆ ಮುಂಚಿನ ಕೊನೆಯ ಬಲೆ. ಪಾಲಿನ ಮೀನು ಒಣಗಿಸಿಟ್ಟರೆ ಮಕ್ಕಳಿಗೆ ಮಳೆಗಾಲ ಕಳೆಯುತ್ತದೆ. ಇಲ್ಲದಿದ್ದರೆ ಬರೀ ಗಂಜಿ. ಅಕ್ಕು ಉಸಿರು ಬಿಗಿಹಿಡಿದು ಎಳೆದಳು.

ಬಲೆ ತುಂಬ ಬಂಗುಡೆ ಬಂತು. ಬಲೆಯವರ ಮುಖಂಡ ಪಾಲು ಹಾಕಲು ಕುಳಿತ. ಏಡಿ ಅಡ್ಡಡ್ಡ ನಡೆದು ಮುಂದೆ ಬಂತು.

"ನಾನ್ ಹಗ್ಗಕ್ಕೆ ಹತ್ತ್ ಕೈ ಹಾಕಿದ್ದೆ. ಹತ್ತ್ ಪಾಲ್ ಕೊಡಿ."

ಜನ ನಕ್ಕರು. ಏಡಿ ನಗಲಿಲ್ಲ. ಮುಖಂಡ ತಲೆ ಕೆರೆದುಕೊಂಡ. "ಕೈ ಹಾಕಿದರೆ ಪಾಲು" ಎಂದು ಎಲ್ಲರೆದುರು ಹೇಳಿದವನು ಅವನೇ.

"ಆಡಿದ್ ಮಾತ್ ಹಿಂದೆ ತೆಕಂಬುಕ್ ಆತಿಲ್ಲೆ" ಎಂದು ಹತ್ತು ಪಾಲು ಕೊಟ್ಟ. ಅಕ್ಕುವಿನ ಹತ್ತಿರ ಬರುವಷ್ಟರಲ್ಲಿ ಮೀನು ಮುಗಿದಿತ್ತು.

ಅಕ್ಕು ಒಬ್ಬಳನ್ನು ಬಿಟ್ಟು ಎಲ್ಲರೂ ಮನೆಗೆ ಹೋದರು. ಏಡಿಗೆ ಅಷ್ಟು ಮೀನು ತಿನ್ನಲಾಗದು, ಹೊರಲಾಗದು. ರಾಶಿಯ ಮೇಲೆ ಹತ್ತಿ ಕಾವಲು ಕುಳಿತಿತ್ತು.

"ಒಂದ್ ಪಾಲಾರೂ ಕೊಡ್ ಮಾರಾಯ" ಅಂದಳು ಅಕ್ಕು. "ಮಕ್ಕಳ್ ಮಳೆಗಾಲಕ್ಕೆ ಎಂತ ತಿಂಬುದ್?"

"ನಿಂಗೆ ಎರಡೇ ಕೈ ಇಪ್ಪುದಕ್ಕೆ ನಾನೆಂತ ಮಾಡುದ್?" ಅಂದಿತು ಏಡಿ.

ಗಾಳಿ ಬಂದು ಹೇಳಿತು, "ನೀರು ಏರುತ್ತಿದೆ."

ಅಕ್ಕು ಬುಟ್ಟಿ ಮುಂದಿಟ್ಟಳು. "ನಾನೇ ಹೊತ್ಕಂಡ್ ಹೋಯಿ ಎಲ್ಲ ಮೇಲೆ ಹಾಕ್ತೆ. ನಂಗೆ ಒಂದ್ ಪಾಲ್ ಸಾಕ್."

"ನೀನ್ ಕದ್ಕಂಡ್ ಹೋತೆ!" ಏಡಿ ಇಕ್ಕುಳದಂಥ ಕೊಂಬು ಎತ್ತಿ ಬುಟ್ಟಿಯನ್ನು ದೂಡಿತು.

ಕಡಲು ಯಾರ ಪರವೂ ಅಲ್ಲ. ಅದರ ಹೊತ್ತಿಗೆ ಅದು ಬಂತು. ಒಂದು ತೆರೆ ರಾಶಿಯ ಮೇಲೆ ಹಾಯಿತು, ಮತ್ತೊಂದು ಮರಳು ಎಳೆದು ಮುಚ್ಚಿತು. ನೀರು ಇಳಿದಾಗ ದಡ ನುಣ್ಣಗಿತ್ತು. ಒಂದು ಬಂಗುಡೆಯೂ ಇರಲಿಲ್ಲ.

ಅಕ್ಕುವಿಗೆ ಸಿಟ್ಟು ಬಂತು, ಅಳುವೂ ಬಂತು. ಖಾಲಿ ಬುಟ್ಟಿ ಎತ್ತಿಕೊಂಡು ಮನೆಗೆ ಹೋದಳು. ಆ ಮಳೆಗಾಲ ಅವಳ ಮೊಮ್ಮಕ್ಕಳು ಗಂಜಿಗೆ ಉಪ್ಪು ನೆಂಚಿಕೊಂಡರು.

ಏಡಿ ಮಾತ್ರ ಹೋಗಲಿಲ್ಲ. ಮೀನು ಇಲ್ಲೇ ಎಲ್ಲೋ ಇದೆ ಎಂದು ಮರಳನ್ನು ಬಾಯಲ್ಲಿ ಸೋಸತೊಡಗಿತು. ಸೋಸಿದ್ದನ್ನೇ ಮತ್ತೆ ಸೋಸಬಾರದಲ್ಲ, ಅದಕ್ಕೆ ಉಂಡೆ ಕಟ್ಟಿ ಪಕ್ಕಕ್ಕಿಟ್ಟಿತು. ನೀರು ಏರಿ ಉಂಡೆಗಳನ್ನೆಲ್ಲ ಅಳಿಸಿತು. ನೀರು ಇಳಿಯಿತು, ಏಡಿ ಮೊದಲಿನಿಂದ ಶುರು ಮಾಡಿತು. ಸೋಸಿ ಸೋಸಿ ಸವೆದು ಕಡಲೆಕಾಳಿನಷ್ಟಾಯಿತು.

ಇಂದಿಗೂ ನೀರು ಇಳಿದ ಮರಳ ಮೇಲೆ ಸಾಸಿವೆಯಂಥ ಉಂಡೆಗಳು ಹರಡಿರುವುದನ್ನು ನೀವು ನೋಡುತ್ತೀರಿ. ಹತ್ತಿರ ಹೋದರೆ ಏಡಿ ಸರ್ರನೆ ತೂತಿಗೆ ನುಗ್ಗುತ್ತದೆ, ಏಕೆಂದರೆ ಅಕ್ಕುವಿನ ಪಾಲು ಕೇಳಲು ಯಾರೋ ಬಂದರು ಅಂದುಕೊಳ್ಳುತ್ತದೆ.