ಪರದೆ ಕಪ್ಪಾದ ಹೊತ್ತು

ಹೊಳೆಯ ದಂಡೆಯ ಆಶ್ರಮದಲ್ಲಿ ನೀಲವ್ವ ಎಂಬ ಮುದುಕಿಯಿದ್ದಳು. ಬೆಳಗಾದರೆ ಸ್ನಾನಘಟ್ಟದ ಮೆಟ್ಟಿಲ ಮೇಲೆ ಹೋಗಿ ಕೂರುವಳು. ದೂರದ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ನೋಡನೋಡುತ್ತ ಏರುತ್ತಿತ್ತು. ನೀರು ಕದಡಿದ್ದು ಕಂಡರೆ ಸಾಕು, "ಮೇಲೆ ಬರ್ರೋ!" ಎಂದು ಕೂಗುವಳು.

ಬರಬರುತ್ತ ಅವಳ ಮೊಣಕಾಲು ಸೋತವು. ಶಿಷ್ಯ ಶಂಭುಲಿಂಗನಿಗೆ ಅದನ್ನು ನೋಡಲಾಗಲಿಲ್ಲ. ಆಶ್ರಮಕ್ಕೆ ಬರುವ ಮುನ್ನ ಅವನು ಕ್ಯಾಮೆರಾ ಕೂರಿಸುವ ಕೆಲಸದಲ್ಲಿದ್ದವನು.

"ಗುರುಗಳೇ, ಘಟ್ಟಕ್ಕೊಂದು ಕ್ಯಾಮೆರಾ ಹಾಕೋಣ. ಅದು ಕತ್ತು ತಿರುಗಿಸಿ ಹೊಳೆಯನ್ನೆಲ್ಲ ನೋಡುತ್ತದೆ. ನಾನು ಕೋಣೆಯಲ್ಲಿ ಕೂತು ಕಾಯುತ್ತೇನೆ. ನೀರು ಬಂದರೆ ಓಡಿಹೋಗಿ ಕೂಗುತ್ತೇನೆ. ನೀಲವ್ವ ಇನ್ನು ಒಳಗೆ ಬೆಚ್ಚಗಿರಲಿ."

"ಘಟ್ಟದಲ್ಲಿ ಕರೆಂಟು ಎಲ್ಲಿದೆ?"

"ಬೇರೆ ತಂತಿ ಬೇಡ. ಚಿತ್ರ ತರುವ ಕೇಬಲ್ಲಿನಲ್ಲೇ ಕರೆಂಟೂ ಹೋಗುತ್ತದೆ. ಕೋಣೆಯಲ್ಲಿ ಒಂದು ಪೆಟ್ಟಿಗೆ ಇಟ್ಟರಾಯಿತು."

ಗುರುಗಳು ಒಪ್ಪಿದರು. ತಾವೇ ಹೋಗಿ ನೀಲವ್ವನನ್ನು ಕೈಹಿಡಿದು ಎಬ್ಬಿಸಿಕೊಂಡು ಬಂದರು.

ಕೋಣೆಯ ಪರದೆಯ ಮೇಲೆ ಚಿತ್ರ ಚೆನ್ನಾಗಿ ಬಂತು. ಆದರೆ ಕ್ಯಾಮೆರಾ ತಿರುಗುವಾಗ ಒಮ್ಮೊಮ್ಮೆ ಪರದೆ ಕಪ್ಪಾಗುತ್ತಿತ್ತು. ಸ್ವಲ್ಪ ಹೊತ್ತು ಕಳೆದು ತಾನಾಗಿ ಬೆಳಗುತ್ತಿತ್ತು.

"ಇದೇಕೆ ಕಣ್ಣು ಮುಚ್ಚುತ್ತದೆ?"

"ಸುಮ್ಮನೆ ನೋಡುವುದಕ್ಕೆ ಈ ಪೆಟ್ಟಿಗೆ ಕೊಡುವ ಕರೆಂಟು ಸಾಕು. ತಿರುಗುವುದಕ್ಕೆ ಮೋಟಾರು ಹೆಚ್ಚು ಕೇಳುತ್ತದೆ. ಸಾಲದಿದ್ದರೆ ಆರಿಹೋಗಿ ಮತ್ತೆ ಮೊದಲಿಂದ ಶುರುವಾಗುತ್ತದೆ. ದೊಡ್ಡ ಪೆಟ್ಟಿಗೆ ತರಬೇಕು."

"ಯಾವಾಗ?"

"ಪೇಟೆಗೆ ಹೋದಾಗ, ಗುರುಗಳೇ."

ಪೇಟೆಗೆ ಹೋಗುವುದು ಮುಂದೆ ಮುಂದೆ ಹೋಯಿತು.

ಒಂದು ಬೆಳಿಗ್ಗೆ ಈರಸಂಗಪ್ಪ ಎಂಬ ಭಕ್ತ, ಹೆಂಡತಿ ಸೋಮವ್ವನನ್ನು ಪೂಜೆಗೆ ಕೂರಿಸಿ, ತಾನು ಸ್ನಾನಕ್ಕೆ ಇಳಿದ. ಶಂಭುಲಿಂಗ ಅವನನ್ನು ಪರದೆಯಲ್ಲಿ ಕಂಡ. ಪಂಚೆ ಮಡಚಿ ಮೆಟ್ಟಿಲ ಮೇಲಿಟ್ಟದ್ದನ್ನೂ ಕಂಡ. ನೀರಿನ ಬಣ್ಣ ಯಾಕೋ ಬೇರೆಯಾದಂತಿತ್ತು. ಮೇಲಿನ ಹೊಳೆ ನೋಡೋಣವೆಂದು ಕ್ಯಾಮೆರಾ ತಿರುಗಿಸಿದ.

ಪರದೆ ಕಪ್ಪಾಯಿತು.

ಚಿತ್ರ ಮರಳಿದಾಗ ಕೆಳಗಿನ ಮೆಟ್ಟಿಲುಗಳು ಇರಲಿಲ್ಲ. ಪಂಚೆಯೂ ಇರಲಿಲ್ಲ.

ಶಂಭುಲಿಂಗ ಆಗ ಓಡಿದ. ಸಂಜೆ ಕೆಳಗಿನೂರಿನ ಬೆಸ್ತರು ಈರಸಂಗಪ್ಪನ ದೇಹವನ್ನು ತಂದು ದಂಡೆಯಲ್ಲಿ ಮಲಗಿಸಿದರು.

ಮರುದಿನವೇ ಶಂಭುಲಿಂಗ ಪೇಟೆಗೆ ಹೋಗಿ ದೊಡ್ಡ ಪೆಟ್ಟಿಗೆ ತಂದ. ಕ್ಯಾಮೆರಾ ಸುತ್ತಲೂ ತಿರುಗಿತು. ಪರದೆ ಒಮ್ಮೆಯೂ ಕಪ್ಪಾಗಲಿಲ್ಲ.

"ಇನ್ನು ಆರುವುದಿಲ್ಲ, ಗುರುಗಳೇ," ಎಂದ.

ಗುರುಗಳು ಪರದೆಯತ್ತ ನೋಡಲಿಲ್ಲ.

"ಅವತ್ತು ಕಪ್ಪಾದಾಗ ಏನು ಮಾಡಿದೆ?"

"ಕಾದೆ."

"ಯಾತಕ್ಕೆ?"

"ಚಿತ್ರ ಬರಲಿ ಅಂತ."

ಗುರುಗಳು ಎದ್ದು ಕೋಣೆಯ ಕಿಟಕಿ ತೆರೆದರು. ಮೆಟ್ಟಿಲುಗಳು ಅಲ್ಲೇ ಕೆಳಗೆ ಕಂಡವು. ಪರದೆಗೆ ಬಿಸಿಲು ಹೊಡೆಯುತ್ತದೆಂದು ಆ ಕಿಟಕಿ ಮುಚ್ಚಿದವನು ಶಂಭುಲಿಂಗನೇ.

ಅವನು ಮುಖ ಮುಚ್ಚಿಕೊಂಡು ನೆಲಕ್ಕೆ ಕುಸಿದ. ಗುರುಗಳು ಅವನ ಪಕ್ಕದಲ್ಲಿ ಕೂತರು.

"ಹೊರಗೆ ಸೋಮವ್ವ ಬಂದು ಕೂತಿದ್ದಾರೆ," ಎಂದ ಶಂಭುಲಿಂಗ. "ಆ ಹೊತ್ತಿನಲ್ಲಿ ಏನಾಯಿತು ಅಂತ ಕೇಳುತ್ತಿದ್ದಾರೆ. ಕಾಲು ಜಾರಿತಾ, ಯಾರನ್ನಾದರೂ ಕರೆದರಾ ಅಂತ. ಕರೆಂಟು ಸಾಲಲಿಲ್ಲ, ಪೆಟ್ಟಿಗೆ ಚಿಕ್ಕದಿತ್ತು ಅಂತ ಹೇಳಲಾ?"

"ಅದೂ ನಿಜವೇ."

"ಮತ್ತೇನು ಹೇಳಲಿ, ಗುರುಗಳೇ?"

"ನೀಲವ್ವನನ್ನು ಎಬ್ಬಿಸಿ ತಂದವನು ನಾನು. ಆ ಮಾತು ನಾನು ಹೇಳುತ್ತೇನೆ. ನಡಿ."

ಬಾಗಿಲ ಹತ್ತಿರ ಶಂಭುಲಿಂಗ ನಿಂತುಬಿಟ್ಟ.

"ಘಟ್ಟದಲ್ಲಿ ಏನಾಯಿತೋ ನನಗೆ ನಿಜವಾಗಿ ಗೊತ್ತಿಲ್ಲವಲ್ಲ..."

ಗುರುಗಳು ಅವನ ಕೈ ಹಿಡಿದುಕೊಂಡರು.

"ಘಟ್ಟದಲ್ಲಿ ಏನಾಯಿತೋ ಯಾರಿಗೂ ಗೊತ್ತಿಲ್ಲ, ಮಗಾ. ನೀನು ಎಲ್ಲಿ ಕೂತಿದ್ದೆ ಅನ್ನುವುದು ನಿನಗೆ ಗೊತ್ತು. ಅದನ್ನು ಹೇಳು."