ಹತ್ತದ ಬಣ್ಣ

ಕಾವೇರಿ ದಡದ ಆ ಆಶ್ರಮದಲ್ಲಿ ಒಂದು ಪುಟ್ಟ ಆಸ್ಪತ್ರೆ. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ರೋಗ ಓದುವ ವಿದ್ಯೆ ಕಲಿಸುತ್ತಿದ್ದವರು ಪುಟ್ಟಗೌರಮ್ಮ. ಕಲಿಯಲು ಬಂದವನು ಪರಶಿವ. ಡಾಕ್ಟರಿಕೆ ಪಾಸಾದವನು, ಬುದ್ಧಿವಂತ, ಆದರೆ ಮೂಗಿನ ತುದಿಯಲ್ಲೇ ಕೋಪ.

ಈಗ ಆ ಕೋಪವೆಲ್ಲ ಒಂದು ಬಣ್ಣದ ಸೀಸೆಯ ಮೇಲೆ.

ಹೊಳೆಯಾಚೆಯ ಮಂಚಮ್ಮನ ಎದೆಯಲ್ಲಿ ಗಂಟಿರಲಿಲ್ಲ, ಒಂದು ಕಡೆ ಬರೀ ದಪ್ಪಗಾಗಿತ್ತು. ಸೂಜಿ ಹಾಕಿ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. ಅದು ಯಾವ ಬಗೆಯದು, ಹೇಗೆ ಹರಡುವಂಥದು ಎಂದು ತಿಳಿಯದೆ ಮೈಸೂರಿನ ಸರ್ಜನ್ ಆಪರೇಷನ್‌ಗೆ ಕೈಹಾಕುವಂತಿರಲಿಲ್ಲ. ಹೇಳಬೇಕಾದವನು ಪರಶಿವ.

ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಒಂದು ಪ್ರೋಟೀನ್ ಇದೆ. ಅದು ಇರುವ ಕಡೆ ಬಣ್ಣ ಕಂದಾಗಿ ಹತ್ತುತ್ತದೆ. ಪರಶಿವ ಬಣ್ಣ ಹಾಕಿದ. ಹತ್ತಲಿಲ್ಲ. ಚೂರು ಅಂಟಿಸಿದ್ದ ಗಾಜಿನ ಪಟ್ಟಿಯನ್ನು ಕಸದ ಡಬ್ಬಿಗೆ ಎಸೆದು, ಹೊಸ ಚೂರಿಗೆ ಮತ್ತೆ ಹಾಕಿದ. ಮತ್ತೂ ಹತ್ತಲಿಲ್ಲ. ಅದೂ ಡಬ್ಬಿಗೆ ಹೋಯಿತು. ದಿನಾ ಇದೇ ಕಥೆ.

ಮಂಚಮ್ಮ ದಿನಾ ಬೆಳಿಗ್ಗೆ ತೆಪ್ಪದಲ್ಲಿ ಬಂದು ಜಗಲಿಯ ಮೇಲೆ ಕೂರುತ್ತಿದ್ದಳು.

“ಬಣ್ಣ ಬಂತಾ ನನ್ನಪ್ಪ?”

“ಇನ್ನೂ ಇಲ್ಲಮ್ಮ. ಸೀಸೆ ಸರಿಯಿಲ್ಲ.”

ಗುರುವಿಗೆ ತೋರಿಸಲು ಅವನಿಗೆ ನಾಚಿಕೆ. ಬಣ್ಣ ಹಾಕುವುದಕ್ಕೂ ಬಾರದವನು ಎಂದುಬಿಟ್ಟರೆ? ಕೊನೆಗೊಂದು ಬೆಳಿಗ್ಗೆ ಸೀಸೆಯನ್ನು ಪೆಟ್ಟಿಗೆಗೆ ತುಂಬಿ, ಹಲ್ಲು ಕಡಿಯುತ್ತಾ ಹೊರಟ.

“ಎಲ್ಲಿಗಯ್ಯಾ?” ಎಂದರು ಪುಟ್ಟಗೌರಮ್ಮ.

“ಮೈಸೂರಿಗೆ. ಈ ಸೀಸೆ ಮಾರಿದವನ ಗ್ರಹಚಾರ ಬಿಡಿಸ್ತೀನಿ. ಮಂಚಮ್ಮನ ಚೂರಿಗೆ ಎಷ್ಟು ಹಾಕಿದ್ರೂ ಬಣ್ಣ ಹತ್ತಲ್ಲ!”

“ಗಾಜೆಲ್ಲಿ?”

“ಡಬ್ಬೀಲಿದೆ.”

ಅವರು ಡಬ್ಬಿಗೆ ಕೈಹಾಕಿ ಒಂದು ಗಾಜು ತೆಗೆದರು. ಸೆರಗಲ್ಲಿ ಒರೆಸಿ, ಸೂಕ್ಷ್ಮದರ್ಶಕಕ್ಕಿಟ್ಟು ಬಹಳ ಹೊತ್ತು ನೋಡಿದರು.

“ಇಲ್ಲೊಂದು ಕಡೆ ಕಂದು ಚೆನ್ನಾಗೇ ಹತ್ತಿದೆಯಲ್ಲೋ?”

“ಅದು ಆರೋಗ್ಯವಾಗಿರೋ ಹಾಲಿನ ನಾಳ ಅಮ್ಮಾ. ಅಲ್ಲಿ ಪ್ರತಿ ಸಲಾನೂ ಹತ್ತುತ್ತೆ. ರೋಗ ಇರೋ ಕಡೆ ಮಾತ್ರ ಹತ್ತಲ್ಲ. ದರಿದ್ರ ಸೀಸೆ!”

ಪುಟ್ಟಗೌರಮ್ಮ ಹಣೆ ಚಚ್ಚಿಕೊಂಡು, ಆ ಗಾಜನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

“ನಡಿ. ದಡದವರೆಗೆ ನಾನೂ ಬರ್ತೀನಿ.”

ಮಂಚಮ್ಮ ಬಂದಿದ್ದ ತೆಪ್ಪವನ್ನು ದಡದ ಮರದ ಬೇರಿಗೆ ಹಗ್ಗದಿಂದ ಕಟ್ಟಿದ್ದರು. ತೆಪ್ಪದವನು ಟೀ ಕುಡಿಯಲು ಹೋಗಿದ್ದ. ಹೊಳೆ ದಾಟಿ ಬಸ್ಸು ಹಿಡಿಯಬೇಕಿದ್ದ ಪರಶಿವ ಪೆಟ್ಟಿಗೆಯನ್ನು ಒಳಗಿಟ್ಟು, ಚಪ್ಪಲಿ ಬಿಚ್ಚಲು ಬಗ್ಗಿದ. ತಲೆ ಎತ್ತುವಷ್ಟರಲ್ಲಿ ತೆಪ್ಪ ಗಿರ್ರನೆ ಸುತ್ತುತ್ತಾ ಹೊಳೆಯ ಪಾಲಾಗುತ್ತಿತ್ತು.

ಅವನು ನೀರಿಗೆ ಹಾರಿದ. ಎದೆಮಟ್ಟದ ನೀರಲ್ಲಿ ಬಿದ್ದೆದ್ದು, ಕೆಳಗಿನ ಬಂಡೆಯ ಹತ್ತಿರ ಅಂತೂ ಹಿಡಿದ. ತೊಯ್ದು ತೊಪ್ಪೆಯಾಗಿ, ಅದನ್ನು ಎಳೆದು ತಂದು ಅರಚಿದ.

“ಯಾರು ತಳ್ಳಿದ್ದು ಇದನ್ನ?”

“ಯಾರೂ ತಳ್ಳಿಲ್ಲ.”

“ಮತ್ತೆ ಹೇಗೆ ಹೋಯ್ತು?”

“ಬೇರು ನೋಡು.”

ಬೇರಿನಲ್ಲಿ ಹಗ್ಗವಿರಲಿಲ್ಲ.

“ನೀವೇ ಬಿಚ್ಚಿದ್ರಾ! ಅಲ್ಲಿ ಒಂದು ಹೆಣ್ಣುಜೀವ ಕಾಯ್ತಾ ಕೂತಿದೆ, ನಿಮಗೆ ಆಟ!”

“ಹೂಂ, ಕಾಯ್ತಾ ಕೂತಿದೆ. ಈಗ ಹೇಳು, ಬೇರಲ್ಲಿ ಹಗ್ಗ ಕಾಣಲಿಲ್ಲ ಅಂತ ನಿನ್ನ ಕನ್ನಡಕ ಬದಲಾಯಿಸ್ತೀಯಾ?”

ಪರಶಿವ ಬೇರನ್ನೂ ತೆಪ್ಪವನ್ನೂ ನೋಡಿದ. ಒದ್ದೆ ಬಟ್ಟೆಯಲ್ಲೇ ಮರಳಿನ ಮೇಲೆ ಕೂತ.

“ಬಣ್ಣ ಸರಿಯಾಗೇ ಇದೆ,” ಎಂದ ಮೆಲ್ಲಗೆ. “ಆ ಕೋಶಗಳಲ್ಲಿ ಪ್ರೋಟೀನೇ ಇಲ್ಲ. ಒಂದನ್ನೊಂದು ಹಿಡ್ಕೊಳ್ಳೋದು ಬಿಟ್ಟು ಒಂದೊಂದೇ ಜಾರ್ಕೊಂಡು ಹೋಗ್ತಿವೆ. ಅದಕ್ಕೇ ಕೈಗೆ ಗಂಟು ಸಿಗಲಿಲ್ಲ.”

“ಸರ್ಜನ್‌ಗೆ ಇದನ್ನ ಹೇಳೋದಕ್ಕೂ ಪೆಟ್ಟಿಗೆ ಹೊತ್ಕೊಂಡು ಹೋಗ್ಬೇಕಾ?”

ಅವನು ಎದ್ದು ಓಡಿದ. ಬಟ್ಟೆಯಿಂದ ನೀರು ಸೋರುತ್ತಿರುವಾಗಲೇ ಫೋನ್ ಮಾಡಿದ. ನಾಳೆಯೇ ಕರೆತನ್ನಿ, ಕತ್ತರಿಸುವ ಮೊದಲು ಎದೆಯ ಎರಡೂ ಕಡೆ ಸ್ಕ್ಯಾನ್ ಮಾಡಿ ಎಲ್ಲೆಲ್ಲಿ ಹಬ್ಬಿದೆ ನೋಡಬೇಕು ಎಂದರು ಸರ್ಜನ್.

ಜಗಲಿಗೆ ಬಂದಾಗ ಮಂಚಮ್ಮ ಅವನ ಅವತಾರ ನೋಡಿ ಎದ್ದು ನಿಂತಳು.

“ಇವತ್ತಾದ್ರೂ ಬಣ್ಣ ಬಂತಾ ನನ್ನಪ್ಪ?”

“ಅದು ಬರಲ್ಲಮ್ಮ. ಬರದೇ ಇರೋದೇ ನಿಮ್ಮ ರೋಗದ ಗುರುತು. ನಾಳೆ ಮೈಸೂರಿಗೆ ಹೋಗೋಣ, ನಾನೂ ಬರ್ತೀನಿ.”

ಅವಳು ಅವನ ಮುಖವನ್ನೇ ನೋಡಿದಳು.

“ಹಂಗಾದ್ರೆ ಇಷ್ಟು ದಿನ ಯಾಕಪ್ಪ ಕಾಯಿಸ್ದೆ?”

ಪರಶಿವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಹಿಂದೆ ತಿರುಗಿ ಗುರುವಿನ ಕಡೆ ನೋಡಿದ.

ಪುಟ್ಟಗೌರಮ್ಮ ಸೆರಗಿನಿಂದ ಆ ಗಾಜನ್ನು ಬಿಚ್ಚಿ ಅವನ ಅಂಗೈ ಮೇಲಿಟ್ಟರು.

“ಉತ್ತರ ಮೊದಲ ದಿನವೇ ಬಂದಿತ್ತು ಕಣವ್ವಾ. ಇವನು ದಿನಾ ಅದನ್ನ ಕಸದ ಡಬ್ಬಿಗೆ ಹಾಕ್ತಿದ್ದ.”