ಗೊರಸಿನ ಸದ್ದು

ಟಗರಿನ ಕಾಳಗ ನಡೆಯುವಾಗ ಹಿಂಡಿನ ಕುರಿಗಳೆಲ್ಲ ಸುತ್ತ ನಿಂತು ಬಲಗಾಲಿನ ಗೊರಸನ್ನು ಒಟ್ಟಿಗೆ ನೆಲಕ್ಕೆ ಬಡಿಯುವುದು ವಾಡಿಕೆ. ಅಂಥದೊಂದು ಕಾಳಗದ ನಡುವೆ, ಊರೂರು ಸುತ್ತಿಬಂದ ಮೇಕೆಯೊಂದು, "ಏನಜ್ಜಿ, ಇದು ಯಾವ ಶಾಸ್ತ್ರ?" ಎಂದು ಮುದಿ ಕುರಿಯನ್ನು ಕೇಳಿತು.

"ಶಾಸ್ತ್ರವೂ ಇಲ್ಲ, ಮಣ್ಣೂ ಇಲ್ಲ. ಹಿಂದೊಮ್ಮೆ ಇರುವೆ ಕಚ್ಚಿತೆಂದು ನಾನು ಕಾಲು ಅಪ್ಪಳಿಸಿದೆ. ಅದೇ ಗಳಿಗೆಗೆ ನಮ್ಮ ಟಗರು ಗೆದ್ದಿತು."

"ಒಂದು ಇರುವೆಗಾಗಿ ಇಷ್ಟೊಂದು ಕಾಲುನೋವೇ!" ಎಂದು ಮೇಕೆ ನಕ್ಕಿತು. ಕುರಿಗಳು ನಾಚಿ ಗೊರಸು ಬಡಿಯುವುದನ್ನು ನಿಲ್ಲಿಸಿದವು.

ಸದ್ದು ನಿಂತದ್ದೇ ಕಣದಲ್ಲಿದ್ದ ಟಗರು ಹಿಂದಿರುಗಿ ನೋಡಿತು. ಎದುರಾಳಿಯ ಗುದ್ದಿಗೆ ಮಂಡಿಯೂರಿತು. ಕಣ್ಣಿಗೆ ರಕ್ತ ಇಳಿದು ಏನೂ ಕಾಣಲಿಲ್ಲ. "ಎಲ್ಲರೂ ಹೊರಟುಹೋದಿರಾ?" ಎಂದು ಕೂಗಿತು.

ಇರುವೆಯ ಸಂಗತಿ ಬಲ್ಲ ಮುದಿ ಕುರಿಯೇ ಮೊದಲು ಗೊರಸು ಬಡಿಯಿತು. ಹಿಂಡು ಬಡಿಯಿತು. ಕೊನೆಗೆ ಮೇಕೆಯೂ ಬಡಿಯಿತು. ಟಗರು ಎದ್ದು ನಿಂತಿತು.